ಹುಬ್ಬಳ್ಳಿ-ಧಾರವಾಡಗಳ ಊಟದ ಪದ್ಧತಿಯೂ ಪುರಸ್ವಭಾವವೂ

೧

ಧಾರವಾಡವು ವಿದ್ಯೆಯ ಊರು, ಹುಬ್ಬಳ್ಳಿಯು ವ್ಯಾಪಾರದ ಊರು ಎಂಬ ಮಾತು ಈ ಪ್ರಾಂತದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹೀಗೆ ಹೇಳುವವರು ತಮ್ಮ ಮಾತಿಗೆ ಬೆಂಬಲವಾಗಿ ಮೊದಲು ತೋರಿಸುವ ಸಾಕ್ಷ್ಯವೆಂದರೆ ಊಟ-ಉಪಾಹಾರಗಳದು. ಒಂದರ ಹೆಸರು ಪೇಡೆಯೊಡನೆ ಕೂಡಿಕೊಂಡಿದೆ. ಇನ್ನೊಂದರ ಹೆಸರು ಗಿರಮಿಟ್ಟು-ಮಿರ್ಚಿಭಜಿಗಳೊಡನೆಯೂ ಸಾವಜಿಯವರ ಊಟದೊಡನೆಯೂ ಕೂಡಿಕೊಂಡಿದೆ. ಅದು ಸಿಹಿಯ ಊರು, ಇದು ಖಾರದ ಊರು ಎಂದು ಆರಂಭಿಸಿ, ಅಲ್ಲಿಯವರು ಸಾವಧಾನಿಗಳು, ಇಲ್ಲಿಯವರು ಅವಸರದವರು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ನಾಲಗೆಯ ರುಚಿಯಿಂದ ಪುರಜನರ ಸ್ವಭಾವವನ್ನು ನಿರ್ಣಯಿಸುವ ಈ ಪದ್ಧತಿಯು ಕೇಳಲು ಸೊಗಸಾಗಿದ್ದರೂ ಇತಿಹಾಸದ ಒರೆಗೆ ಹಚ್ಚಿ ನೋಡತಕ್ಕದ್ದಾಗಿದೆ.

ಈ ವಿಚಾರವು ಕೇವಲ ವಿನೋದದ್ದೆಂದು ವಾಚಕರು ತಿಳಿಯಬಾರದು. ಸುಮಾರು ೨೦ ಕಿಲೊಮೀಟರುಗಳ ಅಂತರದಲ್ಲಿರುವ ಈ ಎರಡು ನಗರಗಳನ್ನು ೧೯೬೨ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಡಿಸಲಾಯಿತು. ಅಂದಿನಿಂದ ಇವು ಒಂದೋ ಎರಡೋ ಎಂಬ ಚರ್ಚೆಯು ನಡೆದೇ ಇದ್ದು, ೨೦೨೫ರ ಜನವರಿಯಲ್ಲಿ ರಾಜ್ಯದ ಮಂತ್ರಿಮಂಡಲವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯಾಗಲೆಂದು ಒಪ್ಪಿಗೆಯಿತ್ತಿತು. ಇಂಥ ಚರ್ಚೆಗಳಲ್ಲಿ ತೆರಿಗೆ, ನೀರು, ರಸ್ತೆಗಳ ಲೆಕ್ಕದೊಡನೆ 'ಎರಡೂ ಊರುಗಳ ಸ್ವಭಾವವೇ ಬೇರೆ' ಎಂಬ ವಾದವೂ ಬೆರೆಯುತ್ತದೆ. ಆ ಸ್ವಭಾವಭೇದವು ನಿಜವಾಗಿ ಎಲ್ಲಿಂದ ಹುಟ್ಟಿತು, ಅದು ಎಷ್ಟು ಆಳವಾದದ್ದು ಎಂಬುದನ್ನು ಅನ್ನದ ಮೂಲಕ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

ನಮ್ಮ ದೃಷ್ಟಿಯ ನೆಲೆಯನ್ನು ಮೊದಲೇ ತಿಳಿಸಿಬಿಡುವುದು ಲೇಸು. ಧಾರವಾಡದಿಂದ ಹುಬ್ಬಳ್ಳಿಯನ್ನಾಗಲಿ, ಹುಬ್ಬಳ್ಳಿಯಿಂದ ಧಾರವಾಡವನ್ನಾಗಲಿ ನೋಡುವವರಿಗೆ ಭೇದವು ದೊಡ್ಡದಾಗಿ ತೋರುವುದು ಸಹಜ. ಆದುದರಿಂದ ಇವೆರಡಕ್ಕೂ ಹೊರಗಾದ ಒಂದು ಹಳ್ಳಿಯಲ್ಲಿ ನಿಂತು ನೋಡೋಣ. ಕುಂದಗೋಳ ತಾಲೂಕಿನ ಗುಡಗೇರಿಯು ಅಂಥ ಸ್ಥಳವಾಗಿದೆ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕುಂದಗೋಳ, ಸಂಶಿಗಳ ಮುಂದೆ ಸಿಗುವ ಈ ಊರು ಎರೆಭೂಮಿಯ ನಡುವೆ ಇದ್ದು, ಜೋಳ, ಹತ್ತಿ, ಮೆಣಸಿನಕಾಯಿ, ಶೇಂಗಾ, ಕಡಲೆಗಳ ಬೆಳೆಯಿಂದ ಬಾಳುತ್ತ ಬಂದಿದೆ. ಇಲ್ಲಿಯ ಒಕ್ಕಲಿಗನಿಗೆ ಮಾಲು ಮಾರಲು ಹುಬ್ಬಳ್ಳಿ ಬೇಕು. ಮಗನನ್ನು ಓದಿಸಲು ಧಾರವಾಡ ಬೇಕು. ಎರಡೂ ಊರುಗಳ ಪಂಕ್ತಿಯಲ್ಲಿ ಕುಳಿತು ಉಂಡವನು ಇವನೇ.

೨

ಎರಡು ನಗರಗಳ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡುವ. ಹುಬ್ಬಳ್ಳಿಯ ಐಶ್ವರ್ಯವು ರೈಲಿಗಿಂತ ಹಳೆಯದು. ಕ್ರಿ.ಶ. ೧೬೭೩ರಲ್ಲಿ ಶಿವಾಜಿಯ ಅಧಿಕಾರಿಯಾದ ಅಣ್ಣಾಜಿ ದತ್ತೋ ಈ ಪಟ್ಟಣವನ್ನು ಕೊಳ್ಳೆಹೊಡೆದಾಗ, ಅಲ್ಲಿದ್ದ ಇಂಗ್ಲಿಷ್ ಕಂಪನಿಯ ವಖಾರವೂ ಲೂಟಿಗೆ ತುತ್ತಾಯಿತು. ಆ ನಷ್ಟವನ್ನು ತುಂಬಿಕೊಡಬೇಕೆಂದು ಕಂಪನಿಯವರು ಬಹುದಿನ ಬೇಡುತ್ತಿದ್ದರು. ಕಾರವಾರದ ಬಂದರಕ್ಕೆ ಒಳನಾಡಿನ ಬಟ್ಟೆಯನ್ನು ಒದಗಿಸುವ ಪೇಟೆಯಾಗಿ ಹುಬ್ಬಳ್ಳಿಯು ಆಗಲೇ ಹೆಸರಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಸವಣೂರ ನವಾಬರ ಆಳಿಕೆಯಲ್ಲಿ, ೧೭೨೭ರ ಸುಮಾರಿಗೆ, ಬಸಪ್ಪಶೆಟ್ಟರೆಂಬ ವ್ಯಾಪಾರಿಯ ಪ್ರಯತ್ನದಿಂದ ಹೊಸಹುಬ್ಬಳ್ಳಿಯು ಕೋಟೆಯ ಸುತ್ತ ಬೆಳೆಯಿತು. ಆ ಕೋಟೆಯ ಬಯಲೇ ಇಂದಿನ ದುರ್ಗದಬೈಲು. ದುರ್ಗವು ಹೋಗಿ ಬಯಲು ಉಳಿದು, ಆ ಬಯಲೂ ಪೇಟೆಯಾದದ್ದು ಈ ಊರಿನ ಚರಿತ್ರೆಗೆ ಒಪ್ಪುವಂತೆಯೇ ಇದೆ.

ಧಾರವಾಡದ ಸಂಗತಿ ಬೇರೆ. ಅದರ ಹೆಸರು ಯುದ್ಧದ ವೃತ್ತಾಂತಗಳಲ್ಲಿ ಹೆಚ್ಚಾಗಿ ಬರುತ್ತದೆ. ೧೭೯೦-೯೧ರಲ್ಲಿ ಪರಶುರಾಮಭಾವು ಟೀಪುವಿನ ಕಡೆಯ ಬದರುಜ್ಜಮಾನಖಾನನನ್ನು ಈ ಕೋಟೆಯಲ್ಲಿ ತಿಂಗಳುಗಟ್ಟಲೆ ಮುತ್ತಿದ್ದನು. ಪೇಶವೆಯರ ತರುವಾಯ ಇಂಗ್ಲಿಷರು ಇದನ್ನೇ ಜಿಲ್ಲೆಯ ಮುಖ್ಯಸ್ಥಳವನ್ನಾಗಿ ಮಾಡಿಕೊಂಡರು. ೧೮೨೪ರಲ್ಲಿ ಕಿತ್ತೂರಿನಲ್ಲಿ ಮಡಿದ ಥ್ಯಾಕರೆಯು ಇಲ್ಲಿಯ ಕಲೆಕ್ಟರನೇ. ಕಚೇರಿಯ ಹಿಂದೆ ನ್ಯಾಯಾಲಯ, ಅದರ ಹಿಂದೆ ಶಾಲೆ ಎಂಬ ಕ್ರಮದಲ್ಲಿ ಊರು ಬೆಳೆಯಿತು. ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಇಲ್ಲಿ ನೆಲೆಯೂರಿದರು. ಡೆಪ್ಯುಟಿ ಚನ್ನಬಸಪ್ಪನವರ ಸಂಬಂಧದಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದ ಟ್ರೇನಿಂಗ ಕಾಲೇಜು, ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೧೭ರಲ್ಲಿ ಕರ್ನಾಟಕ ಕಾಲೇಜು, ೧೯೪೯-೫೦ರಲ್ಲಿ ವಿಶ್ವವಿದ್ಯಾಲಯ ಹೀಗೆ ಒಂದರ ಮೇಲೊಂದು ಸಂಸ್ಥೆಗಳು ಬಂದವು.

ಅದೇ ಕಾಲಾವಧಿಯಲ್ಲಿ ಹುಬ್ಬಳ್ಳಿಗೆ ಬಂದದ್ದು ಹತ್ತಿಯೂ ರೈಲೂ. ಅಮೇರಿಕೆಯ ಅಂತರ್ಯುದ್ಧದ ೧೮೬೧-೬೫ರ ವರ್ಷಗಳಲ್ಲಿ ಈ ಭಾಗದ ಹತ್ತಿಗೆ ಬಂದ ಬೆಲೆಯು ಎರೆಭೂಮಿಯ ಬಾಳುವೆಯನ್ನೇ ಬದಲಿಸಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ದಾರಿಗಳೂ ಕಾರಖಾನೆಯೂ ಸ್ಥಾಪಿತವಾದ ಮೇಲೆ ಹುಬ್ಬಳ್ಳಿಯು ನಾಲ್ಕೂ ದಿಕ್ಕಿನ ಜನರು ಇಳಿದು ಹತ್ತುವ ಸ್ಥಳವಾಯಿತು. ೨೦೦೩ರಲ್ಲಿ ನೈಋತ್ಯ ರೈಲ್ವೆಯ ಮುಖ್ಯಸ್ಥಾನವು ಇಲ್ಲಿಯೇ ನೆಲೆಗೊಂಡದ್ದು ಆ ಬೆಳವಣಿಗೆಯ ಮುಂದಿನ ಘಟ್ಟವೆನ್ನಬಹುದು.

೩

ಇನ್ನು ಅನ್ನದ ವಿಷಯಕ್ಕೆ ಬರುವ. ಒಂದು ನಗರದ ಆಹಾರಪದ್ಧತಿಯನ್ನು ತಿಳಿಯಬೇಕಾದರೆ ಅಲ್ಲಿಯವರು ಏನು ಉಣ್ಣುತ್ತಾರೆಂದು ಕೇಳುವುದಕ್ಕಿಂತ ಮುಂಚೆ, ಆ ನಗರವು ಯಾರಿಗೆ ಉಣಿಸಬೇಕಾಯಿತು ಎಂದು ಕೇಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಈ ಪ್ರಶ್ನೆಯನ್ನು ಹಾಕಿದೊಡನೆ ಎರಡೂ ಊರುಗಳ ಭೇದವು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಧಾರವಾಡಕ್ಕೆ ಬಂದವನು ಕೆಲವು ವರ್ಷ ನಿಲ್ಲುವುದಕ್ಕಾಗಿ ಬಂದವನು. ವಿದ್ಯಾರ್ಥಿ, ಶಿಕ್ಷಕ, ಗುಮಾಸ್ತ, ವಕೀಲ ಇವರೆಲ್ಲ ನಾಳೆಯೂ ಇಲ್ಲಿಯೇ ಉಣ್ಣತಕ್ಕವರು. ಅಂಥವರಿಗೆ ಬೇಕಾದದ್ದು ಮನೆಯ ಊಟ, ಇಲ್ಲವೆ ಮನೆಯಂಥ ಊಟ. ಬಡ ಬ್ರಾಹ್ಮಣ ವಿದ್ಯಾರ್ಥಿಗಳು ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುವ ವಾರಾನ್ನದ ಪದ್ಧತಿಯೂ, ಮನೆಮನೆಯಿಂದ ಅನ್ನವನ್ನು ಬೇಡಿ ತರುವ ಮಧುಕರಿಯೂ ಇಂಥ ವಿದ್ಯೆಯ ಊರುಗಳನ್ನು ಅನುಸರಿಸಿ ಬೆಳೆದವು. ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಯಿಸಿದ ಉಚಿತ ಪ್ರಸಾದನಿಲಯವು ಹಳ್ಳಿಯ ಎಷ್ಟೋ ಹುಡುಗರಿಗೆ ಅನ್ನವನ್ನೂ ಅದರ ಮೂಲಕ ಅಕ್ಷರವನ್ನೂ ಕೊಟ್ಟಿತು. ಇವಾವುದೂ ಸಿಗದವನಿಗೆ ಬುತ್ತಿಯಿತ್ತು. ಹಳ್ಳಿಯ ತಾಯಿಯು ಕಟ್ಟಿಕೊಟ್ಟ ರೊಟ್ಟಿಯ ಗಂಟು ಮೊದಲು ಚಕ್ಕಡಿಯಲ್ಲಿಯೋ ರೈಲಿನಲ್ಲಿಯೋ, ಆಮೇಲೆ ಮೋಟಾರುಗಾಡಿಯಲ್ಲಿಯೋ ಧಾರವಾಡದ ಬಾಡಿಗೆಯ ಕೋಣೆಯನ್ನು ಮುಟ್ಟುತ್ತ ಬಂದಿದೆ. ಕಟಕ ರೊಟ್ಟಿ, ಶೇಂಗಾದ ಹಿಂಡಿ, ಅಗಸಿಯ ಹಿಂಡಿ, ಕೆಂಪುಖಾರ, ಉಳ್ಳಾಗಡ್ಡಿ ಇವುಗಳನ್ನೊಳಗೊಂಡ ಆ ಗಂಟಿನಲ್ಲಿ ಹಲವು ದಿನ ಕೆಡದಿರುವ ಪದಾರ್ಥಗಳೇ ಇರುತ್ತವೆ ಎಂಬುದನ್ನು ಗಮನಿಸಬೇಕು. 'ಬುತ್ತಿ' ಎಂಬುದು 'ಭುಕ್ತಿ' ಶಬ್ದದ ತದ್ಭವವಾದುದರಿಂದ, ವಿದ್ಯಾನಗರವೆಂಬ ಹೆಸರಿನ ಹಿಂದೆ ನಿಂತ ಭುಕ್ತಿಯು ಹಳ್ಳಿಯದೆಂದು ಹೇಳಿದರೆ ಅದು ಬರಿಯ ಶ್ಲೇಷವಾಗಲಾರದು.

ಹುಬ್ಬಳ್ಳಿಗೆ ಬಂದವನಾದರೋ ಸಂಜೆಗೆ ಹೊರಟುಹೋಗುವವನು. ಅಡತಿಯ ಅಂಗಡಿಗೆ ಮಾಲು ತಂದ ಒಕ್ಕಲಿಗ, ದಲಾಲ, ಹಮಾಲ, ಹತ್ತಿಯ ಕಾರಖಾನೆಯ ಕೂಲಿಕಾರ, ರೈಲಿನ ಕೆಲಸಗಾರ, ಗಾಡಿಯ ಬದಲಾವಣೆಗಾಗಿ ಕಾಯುವ ಪ್ರಯಾಣಿಕ ಇವರಿಗೆ ಉಣಿಸುವುದು ಈ ಊರಿನ ಪಾಲಿಗೆ ಬಂದ ಕರ್ತವ್ಯ. ಇವರಿಗೆ ಹೊತ್ತು ಕಡಿಮೆ, ಹಸಿವೆ ಹೆಚ್ಚು, ಕೈಯಲ್ಲಿ ಆಗತಾನೆ ಬಂದ ರೊಕ್ಕ. ಆದುದರಿಂದ ಕಣ್ಣೆದುರಿಗೆ ಕರಿದು, ಕಾಗದದ ಮೇಲೆ ಸುರಿದು ಕೊಡುವ ತಿನಿಸು ಇಲ್ಲಿ ಬೆಳೆಯಿತು. ರೊಟ್ಟಿ-ಪಲ್ಯಗಳನ್ನು ಹೊಟ್ಟೆತುಂಬ ಬಡಿಸುವ ಖಾನಾವಳಿಯು ಬೆಳೆಯಿತು. ಉಡುಪಿಯ ಕಡೆಯವರ ಉಪಾಹಾರಗೃಹಗಳು ಬೆಳೆದವು. ಧಾರವಾಡದ ಮಠವು ವಿದ್ಯಾರ್ಥಿಗೆ ಉಣಿಸಿದಂತೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಮಠವು ಬಂದ ಯಾತ್ರಿಕನಿಗೆಲ್ಲ ಉಣಿಸುತ್ತ ಬಂತು. ಸಿದ್ಧಾರೂಢರು ೧೯೨೯ರಲ್ಲಿ ಸಮಾಧಿಸ್ಥರಾದ ತರುವಾಯವೂ ಆ ದಾಸೋಹವು ನಿಂತಿಲ್ಲ. ದಾಸೋಹವೆಂಬ ತತ್ತ್ವವು ಎರಡೂ ಕಡೆಗೆ ಒಂದೇ; ಎಲೆಯ ಮುಂದೆ ಕುಳಿತವನು ಮಾತ್ರ ಬೇರೆ.

ಹೀಗಿರಲು, ಸಾವಧಾನ-ಅವಸರಗಳೆಂದು ಹೇಳುವ ಗುಣಗಳು ಜನರ ರಕ್ತದಲ್ಲಿದ್ದವುಗಳಲ್ಲ. ಅವು ಅವರವರ ಉದ್ಯೋಗದ ಗಳಿಗೆಯಿಂದ ಹುಟ್ಟಿದವು. ಗುಡಗೇರಿಯ ಒಬ್ಬನೇ ಒಕ್ಕಲಿಗನು ಹುಬ್ಬಳ್ಳಿಯಲ್ಲಿ ನಿಂತು ಭಜಿ ತಿಂದಾಗ ಅವಸರದವನಾಗಿಯೂ, ಧಾರವಾಡದಲ್ಲಿ ಮಗನ ಕೋಣೆಯಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಸಾವಧಾನಿಯಾಗಿಯೂ ತೋರುವನು. ಅವನ ಸ್ವಭಾವವು ದಾರಿಯಲ್ಲಿ ಬದಲಾಯಿತೆಂದು ಯಾರೂ ಹೇಳರು.

೪

ಎರಡು ನಗರಗಳ ಹೆಸರನ್ನು ಹೊತ್ತ ವಿಶೇಷ ಪದಾರ್ಥಗಳನ್ನು ಪರೀಕ್ಷಿಸಿದರೆ ಇನ್ನೊಂದು ಸಂಗತಿಯು ಕಾಣಬರುತ್ತದೆ. ಅವುಗಳಲ್ಲಿ ಪ್ರಧಾನವಾದವು ಹೊರಗಿನಿಂದ ಬಂದವರ ಕೈಯಿಂದ ಆದವುಗಳು.

ಧಾರವಾಡದ ಪೇಡೆಯು ಉತ್ತರ ಹಿಂದುಸ್ಥಾನದ ಉನ್ನಾವದ ಕಡೆಯಿಂದ, ಪ್ಲೇಗಿನ ದೆಸೆಯಿಂದ ಹೊರಟು ಬಂದ ಠಾಕೂರ ಮನೆತನದವರ ಕೃತಿ. ಬಾಬುಸಿಂಗ ಠಾಕೂರರ ಹೆಸರಿನಿಂದ ಲೈನ್ ಬಜಾರದ ಅಂಗಡಿಯು ಪ್ರಸಿದ್ಧವಾಯಿತು; ಮುಂದೆ ಮಿಶ್ರಾ ಮನೆತನದವರೂ ಅದೇ ಉದ್ಯೋಗದಿಂದ ಹೆಸರಾದರು. ಹಾಲನ್ನು ಕುದಿಸಿ ಖೋವೆ ಮಾಡಿ, ಅದನ್ನು ಕಂದುಬಣ್ಣಕ್ಕೆ ಬರುವ ವರೆಗೆ ಹುರಿದು, ಸಕ್ಕರೆ ಬೆರೆಸಿ ಉಂಡೆಗಟ್ಟಿ, ಮೇಲೆ ಸಕ್ಕರೆಯ ಪುಡಿಯಲ್ಲಿ ಹೊರಳಿಸುವ ಈ ಪದ್ಧತಿಯಿಂದ ಪೇಡೆಯು ಕೆಲವು ದಿನ ಕೆಡದೆ ಉಳಿಯುತ್ತದೆ. ರಜೆಗೆ ಊರಿಗೆ ಮರಳುವ ವಿದ್ಯಾರ್ಥಿ, ದಾವೆ ಮುಗಿಸಿ ಹೊರಟ ಕಕ್ಷಿಗಾರ ಇವರ ಕೈಯಲ್ಲಿ ಒಯ್ಯಲು ಇದು ತಕ್ಕ ಸಿಹಿಯಾಗಿರುವುದರಿಂದಲೇ ಈ ಊರಿನಲ್ಲಿ ಬೇರುಬಿಟ್ಟಿತೆಂದು ನಮ್ಮ ಊಹೆ. ಹಳ್ಳಿಯಿಂದ ಬುತ್ತಿ ಬಂತು. ಹಳ್ಳಿಗೆ ಪೇಡೆ ಹೋಯಿತು. ಆದರೆ ಪೇಡೆಯ ಹಾಲು ಉನ್ನಾವದ್ದಲ್ಲ. ಅದು ಗೌಳಿಗರು ಸಾಕುತ್ತ ಬಂದ ಇಲ್ಲಿಯ ಎಮ್ಮೆಗಳದು. ಆ ತಳಿಗೆ 'ಧಾರವಾಡಿ' ಎಂಬ ಹೆಸರಿನಿಂದ ರಾಷ್ಟ್ರೀಯ ಮಾನ್ಯತೆಯು ದೊರೆತದ್ದು ೨೦೨೧ರಲ್ಲಿ; ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆಯು ಅದಕ್ಕೂ ಬಹಳ ಮೊದಲೇ ದೊರೆತಿತ್ತು. ಸಿಹಿಗೆ ಮನ್ನಣೆ ಮೊದಲು, ಹಾಲು ಕೊಟ್ಟ ಎಮ್ಮೆಗೆ ಆಮೇಲೆ ಎಂಬ ಈ ಕ್ರಮವು ವಿಚಾರಾರ್ಹವಾಗಿದೆ.

ಹುಬ್ಬಳ್ಳಿಯ ಸಾವಜಿ ಊಟವು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರದು. ನೇಕಾರಿಕೆಯನ್ನು ಕುಲವೃತ್ತಿಯಾಗಿ ಉಳ್ಳ ಈ ಜನರು ಉತ್ತರದಿಂದ ಬಂದು ಹುಬ್ಬಳ್ಳಿ, ಗದಗ-ಬೆಟಗೇರಿ ಮುಂತಾದ ನೇಕಾರರ ಊರುಗಳಲ್ಲಿ ನೆಲೆಸಿದರು. ಮನೆಯಲ್ಲಿ ಇಂದಿಗೂ ತಮ್ಮದೇ ಆದ ಮಾತನ್ನು ಆಡುತ್ತಾರೆ. ಅವರ ಮಾಂಸದ ಅಡಿಗೆಯು ಒಣಕೊಬ್ಬರಿ, ಗಸಗಸೆ, ಕೆಂಪುಮೆಣಸಿನಕಾಯಿಗಳ ಮಸಾಲೆಯಿಂದ ಕೂಡಿದ್ದು. ಮನೆಯ ಒಲೆಯಿಂದ ಹೊರಬಂದು ಖಾನಾವಳಿಯಾದ ಮೇಲೆ ಅದು ಎಲ್ಲ ಜಾತಿಯ ಗಿರಾಕಿಗಳ ಊಟವಾಯಿತು. ಇಲ್ಲಿಯೂ ಪದ್ಧತಿಯು ಬಂದವರದು, ಮೆಣಸಿನಕಾಯಿಯು ಈ ನೆಲದ್ದು.

ಗಿರಮಿಟ್ಟಿನ ಮಾತಾದರೂ ಹಾಗೆಯೇ. ಚುರುಮುರಿಗೆ ಬೇಕಾದ ಭತ್ತವು ಕಲಘಟಗಿಯ ಕಡೆಯ ಮಲೆನಾಡಿನ ಸೆರಗಿನಲ್ಲಿ ಬೆಳೆಯತಕ್ಕದ್ದು. ಪುಟಾಣಿಯ ಹಿಟ್ಟಿಗೆ ಬೇಕಾದ ಕಡಲೆಯೂ ಶೇಂಗಾದ ಎಣ್ಣೆಯೂ ನವಲಗುಂದ, ಕುಂದಗೋಳಗಳ ಎರೆಯಲ್ಲಿ ಆಗತಕ್ಕವು. ಹುಣಿಸೆ-ಬೆಲ್ಲಗಳ ಗೊಜ್ಜಿನಲ್ಲಿ ಇವು ಕೂಡಿದಾಗ, ಜಿಲ್ಲೆಯ ಪಡುವಣ-ಮೂಡಣ ಭಾಗಗಳೆರಡೂ ಒಂದು ಕಾಗದದ ಪೊಟ್ಟಣದಲ್ಲಿ ಕೂಡಿದಂತಾಯಿತು.

೫

ಹಾಗಾದರೆ ಎರಡೂ ಊರುಗಳಿಗೆ ಸಮಾನವಾಗಿ ಸ್ವಂತವಾದದ್ದು ಯಾವುದು? ಅದು ಯಾರೂ ಹೆಮ್ಮೆಯಿಂದ ಹೆಸರಿಸದೆ ದಿನಾಲು ಉಣ್ಣುವ ಜೋಳದ ರೊಟ್ಟಿಯೇ. ಎಣಗಾಯಿ, ಝುಣಕ, ಕಾಳಿನ ಪಲ್ಯ, ಪುಂಡಿಪಲ್ಯ, ಹಿಂಡಿ, ಮೊಸರು ಇವು ಧಾರವಾಡದ ಖಾನಾವಳಿಯಲ್ಲಿಯೂ ಹುಬ್ಬಳ್ಳಿಯ ಖಾನಾವಳಿಯಲ್ಲಿಯೂ ಗುಡಗೇರಿಯ ಹೊಲದ ಬದುವಿನಲ್ಲಿಯೂ ಒಂದೇ.

ಈ ಊಟದಲ್ಲಿಯೂ ಎಲ್ಲವೂ ಪುರಾತನವೆಂದು ಭ್ರಮಿಸಲಾಗದು. ಚಾವುಂಡರಾಯನ 'ಲೋಕೋಪಕಾರ'ವು ೧೧ನೆಯ ಶತಮಾನದ್ದು. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ೧೨ನೆಯ ಶತಮಾನದ್ದು. ಮಂಗರಸನ 'ಸೂಪಶಾಸ್ತ್ರ'ವು ೧೬ನೆಯ ಶತಮಾನದ ಆರಂಭದ್ದು. ಈ ಮೂರರಲ್ಲಿಯೂ ಪಾಕವಿಚಾರವು ಇದ್ದರೂ ಮೆಣಸಿನಕಾಯಿ ಎಲ್ಲಿಯೂ ಬಾರದು. ಏಕೆಂದರೆ ಅದೂ ಶೇಂಗಾವೂ ಅಮೇರಿಕಾಖಂಡದಿಂದ ಪೋರ್ತುಗೀಜರ ಕಾಲಕ್ಕೆ ಈ ದೇಶಕ್ಕೆ ಬಂದವು. 'ಮಾನಸೋಲ್ಲಾಸ'ದ ಪೋಲಿಕೆಯಲ್ಲಿ ನಮ್ಮ ಹೋಳಿಗೆಯನ್ನು ಗುರುತಿಸಬಹುದು. ಕೆಂಪುಖಾರವನ್ನು ಮಾತ್ರ ಅಲ್ಲಿ ಹುಡುಕಿದರೆ ದೊರೆಯದು. ಅಂದ ಮೇಲೆ ಯಾವ ಖಾರವನ್ನು ಹುಬ್ಬಳ್ಳಿಗರ ಜನ್ಮಸ್ವಭಾವವೆಂದು ಹೇಳುತ್ತೇವೆಯೋ ಅದು ಕೆಲವೇ ಶತಮಾನಗಳ ನೆಂಟನು.

ಜೋಳವು ಹಾಗಲ್ಲ. ಪಂಪನಲ್ಲಿಯೂ ಶಾಸನಗಳಲ್ಲಿಯೂ ಕಾಣುವ 'ಜೋಳದ ಪಾಳಿ', 'ಜೋಳವಾಳಿ' ಎಂಬ ಮಾತುಗಳನ್ನು ಸಾಹಿತ್ಯದ ಅಧ್ಯಾಪಕರು ಬಲ್ಲರು. ಒಡೆಯನ ಜೋಳವನ್ನು ಉಂಡವನು ಅವನಿಗಾಗಿ ಪ್ರಾಣವನ್ನಾದರೂ ಕೊಡಬೇಕಾದ ಋಣಧರ್ಮಕ್ಕೆ ಆ ಹೆಸರು. ಇಂದು ನಾವು ಉಪ್ಪಿನ ಋಣವೆನ್ನುವುದನ್ನು ನಮ್ಮ ಹಿರಿಯರು ಜೋಳದ ಋಣವೆಂದರು. 'ಕವಿರಾಜಮಾರ್ಗ'ವು ಕನ್ನಡದ ತಿರುಳೆಂದು ಎಣಿಸಿದ ನಾಡಿನ ಮೂಲೆಗಳಲ್ಲಿ ಒಂದಾದ ಪುಲಿಗೆರೆಯು, ಎಂದರೆ ಇಂದಿನ ಲಕ್ಷ್ಮೇಶ್ವರವು, ಗುಡಗೇರಿಗೆ ನೆರೆಯೂರು. ತಿರುಳ್ಗನ್ನಡದ ನಾಡು ಜೋಳದ ನಾಡೂ ಆಗಿತ್ತೆಂಬುದು ನೆನಪಿನಲ್ಲಿಡತಕ್ಕ ವಿಷಯ.

ಗುಡಗೇರಿಯದೇ ಆದ ಒಂದು ಪ್ರಮಾಣವನ್ನು ಇಲ್ಲಿ ಹೇಳಬೇಕು. ಶಕವರ್ಷ ೯೯೮ರ, ಎಂದರೆ ಕ್ರಿ.ಶ. ೧೦೭೬ರ ಸುಮಾರಿನ ಇಲ್ಲಿಯ ಜೈನಶಾಸನವನ್ನು ಫ್ಲೀಟರು ಪ್ರಕಟಿಸಿದ್ದಾರೆ. ಅದರಲ್ಲಿ ಈ ಊರು 'ಧ್ವಜತಟಾಕ'ವೆಂದು ಸಂಸ್ಕೃತೀಕೃತವಾಗಿದೆ. ಗುಡಿಯೆಂದರೆ ಧ್ವಜ, ಕೆರೆಯೆಂದರೆ ತಟಾಕ. ಚಾಲುಕ್ಯ ವಿಜಯಾದಿತ್ಯನ ತಂಗಿಯಾದ ಕುಂಕುಮಮಹಾದೇವಿಯು ಪುರಿಗೆರೆಯಲ್ಲಿ ಕಟ್ಟಿಸಿದ ಆನೆಸೆಜ್ಜೆಯ ಬಸದಿಯ ಸ್ಮರಣೆಯೂ, ಸಿರಿನಂದಿ ಪಂಡಿತರಿಗೆ ಸೇರಿದ ಇಲ್ಲಿಯ ಭೂಮಿಯ ವಿವರವೂ, ಋಷಿಯರ ಆಹಾರದಾನಕ್ಕಾಗಿ ಭೂಮಿಯನ್ನು ಮೀಸಲಿಟ್ಟ ಸಂಗತಿಯೂ ಅದರಲ್ಲಿವೆ. ಊರಿನ ಹೊಲವು ಊರಾಚೆಯಿಂದ ಬಂದ ವಿದ್ಯಾವಂತರಿಗೆ ಉಣಿಸುವ ಏರ್ಪಾಡು ಒಂಬತ್ತು ಶತಮಾನಗಳಷ್ಟು ಹಳೆಯದೆಂದು ಇದರಿಂದ ಸಿದ್ಧವಾಗುತ್ತದೆ. ಧಾರವಾಡಕ್ಕೆ ಹೋದ ಬುತ್ತಿಯು ಈ ಪರಂಪರೆಗೆ ಹೊರತಾದುದಲ್ಲ. ಭೇದವಿಷ್ಟೆ: ಬಸದಿಗೆ ಕೊಟ್ಟ ಹೊಲವನ್ನು ಕಲ್ಲಿನಲ್ಲಿ ಬರೆದರು, ಬುತ್ತಿ ಕಟ್ಟಿದ ಕೈಗಳನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ.

೬

ಪಂಕ್ತಿಯ ಮಾತನ್ನು ಆಡಿ ಪಂಕ್ತಿಭೇದವನ್ನು ಬಿಟ್ಟರೆ ಇತಿಹಾಸವು ಅಪೂರ್ಣವಾಗುತ್ತದೆ. ವಾರಾನ್ನವು ಒಂದು ಜಾತಿಯ ಮಕ್ಕಳಿಗೆ ಮಾತ್ರ ತೆರೆದ ಬಾಗಿಲು. ಗಂಗೂಬಾಯಿ ಹಾನಗಲ್ಲರು ಧಾರವಾಡದ ತಮ್ಮ ಬಾಲ್ಯವನ್ನು ನೆನೆಯುತ್ತ, ನೆರೆಯ ಶ್ರೀಮಂತರ ಹಿತ್ತಿಲಲ್ಲಿ ಮಾವಿನಕಾಯಿಯನ್ನು ಕದ್ದಾಗ, ಹಾಡುವವಳ ಮಗಳು ತಮ್ಮ ಅಂಗಳಕ್ಕೆ ಕಾಲಿಟ್ಟಳೆಂದು ಅವರು ಸಿಡಿಮಿಡಿಗೊಂಡದ್ದನ್ನೂ, ಮುಂದೆ ತಾವು ಕೀರ್ತಿವಂತರಾದ ಮೇಲೆ ಅಂಥವರೇ ಅತಿಥಿಯೆಂದು ಕರೆದದ್ದನ್ನೂ ಹೇಳಿದ್ದರು. ಅವರು ೧೯೨೮ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿ, ಕುಂದಗೋಳದಲ್ಲಿದ್ದ ಸವಾಯಿ ಗಂಧರ್ವರ ಬಳಿಗೆ ರೈಲಿನಲ್ಲಿ ಹೋಗಿಬಂದು ವಿದ್ಯೆ ಕಲಿತರು. ಇದರಿಂದ ಧಾರವಾಡವು ಸಂಕುಚಿತವೆಂದಾಗಲಿ ಹುಬ್ಬಳ್ಳಿಯು ಉದಾರವೆಂದಾಗಲಿ ತೀರ್ಪು ಕೊಡುವುದು ನ್ಯಾಯವಲ್ಲ; ಹುಬ್ಬಳ್ಳಿಯ ಖಾನಾವಳಿಗಳ ಫಲಕಗಳಲ್ಲಿಯೂ ಜಾತಿಯ ಹೆಸರುಗಳು ಬಹುಕಾಲ ಇದ್ದವು. ಆದರೂ ದುಡ್ಡು ಕೊಟ್ಟು ನಿಂತು ತಿನ್ನುವ ಬಯಲಿನಲ್ಲಿ ಕುಲವನ್ನು ವಿಚಾರಿಸಲು ಅವಕಾಶವೂ ವ್ಯವಧಾನವೂ ಕಡಿಮೆ. ಕುಳಿತು ಉಣ್ಣುವ ಮನೆಯಲ್ಲಿ ಸಿಗದ ಸಮಾನತೆಯು ಬೀದಿಯ ಅಂಗಡಿಯ ಮುಂದೆ ತಾನಾಗಿ ಒದಗಿತೆಂಬುದನ್ನು ಅಲ್ಲಗಳೆಯಲಾಗದು.

ಎರಡನೆಯದಾಗಿ, ಹೆಂಗಸರ ದುಡಿಮೆ. ಮನೆಯಲ್ಲಿ, ಖಾನಾವಳಿಯ ಹಿಂಬದಿಯಲ್ಲಿ ರೊಟ್ಟಿ ಬಡಿಯುವವರು ಬಹುಮಟ್ಟಿಗೆ ಅವರೇ. ಕುದಿಯುವ ನೀರಿನಲ್ಲಿ ನಾದಿದ ಹಿಟ್ಟನ್ನು ಅಂಗೈಯಿಂದ ಬಡಿದು ಹರಿಯದಂತೆ ಹಂಚಿಗೆ ಹಾಕುವ ಆ ವಿದ್ಯೆಗೆ ಪಾಠಶಾಲೆಯಿಲ್ಲ, ಪದವಿಯಿಲ್ಲ. ಕಟಕ ರೊಟ್ಟಿಯನ್ನು ಕಟ್ಟಿ ದೂರದೂರಿಗೆ ಕಳಿಸುವ ಉದ್ಯೋಗವನ್ನು ಈಗ ಮಹಿಳೆಯರ ಸಂಘಗಳು ಕೈಕೊಂಡಿರುವುದರಿಂದ ಆ ಶ್ರಮಕ್ಕೆ ತುಸುವಾದರೂ ಬೆಲೆ ಬರಹತ್ತಿದೆ. ನಗರಗಳ ಸ್ವಭಾವವನ್ನು ವರ್ಣಿಸುವಾಗ ಉಂಡವರನ್ನು ಲೆಕ್ಕಿಸಿ ಬಡಿಸಿದವರನ್ನು ಬಿಡುವುದು ದೊಡ್ಡ ಲೋಪವೇ ಸರಿ.

೭

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳು ಲಭಿಸುತ್ತವೆ. ಎರಡು ನಗರಗಳ ಆಹಾರಪದ್ಧತಿಯಲ್ಲಿ ಭೇದವುಂಟು. ಅದು ಬಡಿಸುವ ರೀತಿಯ ಭೇದ, 'ಯಾರಿಗೆ, ಯಾವ ಹೊತ್ತಿಗೆ' ಎಂಬ ಅಗತ್ಯದಿಂದ ಹುಟ್ಟಿದ್ದು. ತಮ್ಮವೆಂದು ಆ ನಗರಗಳು ಮೆರೆಯಿಸುವ ವಿಶೇಷ ಪದಾರ್ಥಗಳಲ್ಲಿ ಮುಖ್ಯವಾದವು ವಲಸೆ ಬಂದವರ ಕಾಣಿಕೆಗಳು. ಹೆಸರಿಲ್ಲದೆ ಉಳಿದ ನಿತ್ಯದ ಊಟವು ಸುತ್ತಲಿನ ಹಳ್ಳಿಗಳದು, ಅದು ಎರಡಕ್ಕೂ ಒಂದೇ.

ಹುಬ್ಬಳ್ಳಿಯಲ್ಲಿ ಕಾಲೇಜುಗಳಿಲ್ಲವೆ, ಧಾರವಾಡದಲ್ಲಿ ಪೇಟೆಯಿಲ್ಲವೆ ಎಂದು ಕೇಳಬಹುದು. ಇವೆ. ೧೯೪೭ರಲ್ಲಿಯೇ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಧಾರವಾಡದ ಸಂಜೆಯ ಬೀದಿಗಳಲ್ಲಿಯೂ ಭಜಿಯ ಬಾಣಲೆಗಳು ಕಾದಿರುತ್ತವೆ. ಅಗತ್ಯವು ಬದಲಾದಂತೆ ಊಟವೂ, ಊಟದೊಡನೆ ಸ್ವಭಾವವೆಂದು ಕರೆಯುವುದೂ ಬದಲಾಗುತ್ತಿರುವುದಕ್ಕೆ ಇದೇ ಸಾಕ್ಷಿ. ಪಾಲಿಕೆಗಳು ಒಂದಾಗಿರಲಿ ಎರಡಾಗಲಿ. ಅದನ್ನು ಆಡಳಿತದ ಅನುಕೂಲತೆಯಿಂದ ನಿರ್ಣಯಿಸಬೇಕಲ್ಲದೆ ನಾಲಗೆಯ ಸಾಕ್ಷ್ಯದಿಂದಲ್ಲ. ಎರಡೂ ನಗರಗಳು ಸುತ್ತಲಿನ ಹೊಲಗಳಿಗೆ ಸಲ್ಲಿಸಬೇಕಾದ ಜೋಳವಾಳಿಯೊಂದು ಬಾಕಿಯಿದೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಅವರವರ ಹಳ್ಳಿಯ ಅಡಿಗೆಯ ಮಾತುಗಳನ್ನು, ಬುತ್ತಿಯ ಪದಾರ್ಥಗಳನ್ನು, ಕಾಳುಕಡಿಗಳ ಹೆಸರುಗಳನ್ನು ಹಿರಿಯ ಹೆಂಗಸರ ಬಾಯಿಂದ ಕೇಳಿ ಬರೆಯಿಸಿಕೊಂಡು ಸಂಗ್ರಹಿಸಿದರೆ ಆ ಋಣದಲ್ಲಿ ಒಂದು ಪಾಲಾದರೂ ತೀರೀತು.